ದೀಪದ ಮುಂದೆ ಬಸಲಿಂಗವ್ವನ ಮಣೆ

ಹಂಪವ್ವ ತಪ್ಪು ಮಾಡಿದಳು. ಕಣ್ಣೀರು ಸುರಿಸುತ್ತಿದ್ದ ಸೊಸೆಯನ್ನು ಶುಕ್ರವಾರದ ದೀಪದ ಮುಂದಿನಿಂದ ಎಬ್ಬಿಸಿ, ಅವಳ ಮಣೆಯನ್ನು ಗೋಡೆಗೆ ಒರಗಿಸಿದಳು. ದೀಪದ ಮುಂದೆ ಅತ್ತರೆ ಲಕ್ಷ್ಮಿ ಹೊರಡುತ್ತಾಳೆ ಎಂದಳು. ಶುದ್ಧ ಸುಳ್ಳು. ಆ ತಪ್ಪಿನ ಕಥೆಯನ್ನು, ದೀಪದ ಸುತ್ತ ಕೂತವರೇ, ಕಿವಿಗೊಟ್ಟು ಕೇಳಿರಿ.

ನೇಕಾರರ ಒಂದು ಊರಿನಲ್ಲಿ ಈ ಹಂಪವ್ವನಿದ್ದಳು. ಅವಳಿಗೆ ಮಾನಪ್ಪನೆಂಬ ಮಗ, ಬಸಲಿಂಗವ್ವನೆಂಬ ಸೊಸೆ, ಮನೆಯಲ್ಲಿ ಒಂದು ಕುಣಿಮಗ್ಗ. ಆ ಊರಿನ ಸೀರೆಯ ಒಡಲು ಬೇರೆ, ಸೆರಗು ಬೇರೆ; ಎರಡರ ನೂಲನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸಬೇಕು, ಅದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಅತ್ತೆ ಸೊಸೆ ಎದುರುಬದುರು ಕೂತು ಕೊಂಡಿ ಹಾಕಿದರೆ ಕೂಡಿದ ಗುರುತೇ ಸಿಗದೆಂದು ಊರು ಹೊಗಳುತ್ತಿತ್ತು.

ಹೀಗಿರಲು ಒಂದು ವರ್ಷ ಬಸಲಿಂಗವ್ವನ ಮನಸ್ಸಿಗೆ ರೋಗ ಹಿಡಿಯಿತು. ನಿದ್ದೆ ಹೋಯಿತು, ಹಸಿವು ಹೋಯಿತು, ಕೈಗೆ ಕೊಟ್ಟ ಎಳೆ ಕೈಯಲ್ಲೇ ಉಳಿಯಿತು. ಹಂಪವ್ವ ಸೋಮಾರಿ ಎಂದಳು, ಯಾರೋ ಮಾಟ ಮಾಡಿಸಿದ್ದಾರೆ ಎಂದಳು, ತಾಯತ ಕಟ್ಟಿಸಿದಳು, ಉಪವಾಸ ಕೆಡವಿದಳು. ಮಾನಪ್ಪ ಮಗ್ಗ ಬಿಟ್ಟು ಏಳಲಿಲ್ಲ. ಕೊನೆಗೆ ಮಣೆಯೂ ಹೋಯಿತು, ಸೊಸೆ ನೂಲಿನ ಕೋಣೆಯ ಮೂಲೆ ಸೇರಿದಳು. ಹಂಪವ್ವ ಒಬ್ಬಳೇ ಹಾಕಿದ ಕೊಂಡಿ ಬಿಚ್ಚಿಕೊಂಡು ಮೂರು ಸೀರೆಯ ಸೆರಗು ಕಳಚಿ ಬಂತು. ಅದಕ್ಕೂ ಸೊಸೆಯ ಕಾಲ್ಗುಣವನ್ನೇ ಬೈದಳು.

ಶ್ರಾವಣ ಬಂತು, ಮನೆಮನೆಗೆ ಬಳೆ ಇಡಿಸುವ ಹುಸೇನಬಿ ಬಂದಳು. ಬಸಲಿಂಗವ್ವನ ಕೈ ಹಿಡಿದು ಹೋದ ವರ್ಷದ ಅಳತೆಯ ಬಳೆ ಏರಿಸಿದಳು. ಬಳೆ ತಡೆಯಿಲ್ಲದೆ ಮೊಣಕೈ ದಾಟಿತು. ಬಸಲಿಂಗವ್ವ ಮೆಲ್ಲಗೆ, "ನನಗ್ಯಾಕ ಬಳಿ, ಅವ್ವಾ? ಮುಂದಿನ ಶುಕ್ರವಾರಕ್ಕ ನಾ ಇರಂಗಿಲ್ಲ" ಎಂದಳು.

ಹುಸೇನಬಿ ಬಳೆಯ ಗಂಟು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು. "ಹಂಪವ್ವಾ, ಕಾಲು ಮುರದಿದ್ರ ಸೊಸೀನ ಹಿಂಗಽ ಮೂಲ್ಯಾಗ ಒಗೀತಿದ್ದೇನು? ನನ್ನ ತಂಗೀಗೂ ಇದಽ ರೋಗ. ನಾವೂ ಬೈದ್ವಿ. ಮಣ್ಣಿಗಿಟ್ಟ ಮ್ಯಾಲ ಅತ್ವಿ. ಏಳು, ಈಗಽ ದವಾಖಾನಿಗೆ ನಡಿ!"

ಆಕೆ ದೇವಿಯೇ ಇರಬೇಕೆಂದು ಕೆಲವರು ಹೇಳುತ್ತಾರೆ. ಅಲ್ಲ, ಬಳೆಗಾರ್ತಿಯೇ; ಕಣ್ಣಿದ್ದವಳು.

ಹಂಪವ್ವನ ಎದೆ ಒಡೆಯಿತು. ಆ ಗಳಿಗೆಯಲ್ಲೇ ಸೊಸೆಯ ಕೈ ಹಿಡಿದು ನಡೆದಳು, ಮಾನಪ್ಪನೂ ಮಗ್ಗ ಬಿಟ್ಟು ಎದ್ದು ಬಂದ. ಇದು ರೋಗ, ಔಷಧಿಯುಂಟು, ದಿನ ತಪ್ಪಿಸಬೇಡಿ, ಒಬ್ಬಳನ್ನೇ ಬಿಡಬೇಡಿ, ನಗು ನಗು ಎಂದು ಪೀಡಿಸಬೇಡಿ ಎಂದು ವೈದ್ಯೆ ಹೇಳಿದಳು. ಹಂಪವ್ವ ಅದನ್ನೇ ವ್ರತವಾಗಿ ಹಿಡಿದಳು. ದಿನವೂ ಗುಳಿಗೆ ಕೊಟ್ಟಳು, ಗಂಜಿ ಕುಡಿಸಿದಳು, ಪಕ್ಕದಲ್ಲೇ ಮಲಗಿದಳು. ಶುಕ್ರವಾರ ಸೊಸೆಯ ಮಣೆಯನ್ನು ಮೊದಲು ಹಾಕಿ ಆಮೇಲೆ ದೀಪ ಹಚ್ಚಿದಳು. ಬಂದರೆ ಸರಿ, ಬಾರದಿದ್ದರೆ ದೀಪವನ್ನೇ ನೂಲಿನ ಕೋಣೆಗೆ ಒಯ್ದಳು. ಸೊಸೆ ಅತ್ತಳು, ದೀಪ ಆರಲಿಲ್ಲ.

ಐದು ಶುಕ್ರವಾರ ಕಳೆದರೂ ಏನೂ ಕಾಣಲಿಲ್ಲ. ಹಂಪವ್ವ ಬಿಡಲಿಲ್ಲ. ಹದಿಮೂರನೆಯ ಶುಕ್ರವಾರ ಅವಳು ಮಗ್ಗದ ಬಳಿ ಕೊಂಡಿ ಹಾಕುತ್ತಿರಲು, ಬಸಲಿಂಗವ್ವ ತಾನಾಗಿ ಬಂದು ಎದುರು ಕೂತು, "ಬಿಡ್ರಿ ಅತ್ತಿ, ಎಮ್ಮಿ ಕಟ್ಟೂ ಗಂಟು ಹಾಕೀರಲ್ಲ" ಎಂದಳು. ಆ ಬೈಗುಳಕ್ಕೆ ಹಂಪವ್ವ ಕೈ ಮುಗಿದಳು. ಅಂದು ಇಬ್ಬರೂ ಕೂಡಿಸಿದ ಸೆರಗು ಇಂದಿಗೂ ಕಳಚಿಲ್ಲ.

ಹಂಪವ್ವನ ಮನೆಗೆ ಬಂದ ಫಲ ಈ ಕಥೆ ಓದಿದವರಿಗೂ ಕೇಳಿದವರಿಗೂ ಬರುವುದು; ಕೇಳಿ ಸುಮ್ಮನೆ ಕೂತವರಿಗೆ ಬಾರದು. ಸುತ್ತ ನೋಡಿರಿ. ಮನೆಯವರಲ್ಲಿ ಯಾರು ಇಲ್ಲಿಲ್ಲ? ಒಳಕೋಣೆಯಲ್ಲಿ ಯಾರು ಗೋಡೆಗೆ ಮುಖ ಮಾಡಿದ್ದಾರೆ? ಅವರ ಮಣೆ ಹಾಕಿರಿ, ನಾಳೆ ವೈದ್ಯರ ಬಳಿ ಕರೆದೊಯ್ಯಿರಿ. ಬದುಕಲಾರೆ ಎಂದವರಿದ್ದರೆ ನಾಳೆಗೂ ಕಾಯಬೇಡಿರಿ. ಆರತಿ ಕಾಯಲಿ. ಏಳಿರಿ, ಹೋಗಿ ಅವರ ಕೈ ಹಿಡಿಯಿರಿ.