ಅಕಾಲದ ಹೀರೇಕಾಯಿ

ಪೂಜ್ಯ ನಿರಂಜನಯ್ಯ ಅಜ್ಜನವರು ಬಿಳಿಕಲ್ಲು ಗ್ರಾಮದ ಹಳ್ಳದ ದಂಡೆಯಲ್ಲಿ ನೆಲೆಸಿದ್ದ ಕಾಲದ ಮಾತಿದು. ಮಠವೆಂದರೆ ಒಂದು ಪಡಸಾಲೆ, ಒಂದು ಒಲೆ, ಅಷ್ಟೇ. ಅಂದು ಮಧ್ಯಾಹ್ನ ಶ್ರೀಗಳವರು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

ಫಕೀರವ್ವ ಉಡಿಯಲ್ಲಿ ಎಳೆಯ ಹೀರೇಕಾಯಿಗಳನ್ನು ಕಟ್ಟಿಕೊಂಡು ಬಂದಳು. ಮಾರು ದೂರ ಹಿಂದೆ ಹೊಸ ಸೊಸೆ ಸಾವಂತ್ರಿ ತಲೆ ತಗ್ಗಿಸಿ ಬರುತ್ತಿದ್ದಳು. ಮದುವೆಯಾಗಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ, ಆಗಲೇ ಆ ಹುಡುಗಿಯನ್ನು ತವರಿಗೆ ಅಟ್ಟಿಬಿಡಬೇಕೆಂದು ಫಕೀರವ್ವ ನಿಶ್ಚಯಿಸಿಯಾಗಿತ್ತು. ಅಜ್ಜನವರು ಹ್ಞೂಂ ಅಂದರೆ ಸಾಕು, ಊರವರು ತನ್ನನ್ನು ಆಡಿಕೊಳ್ಳಲಾರರು ಎಂದು ಅವಳ ಎಣಿಕೆ.

"ಅಜ್ಜಾರ, ದೀಪಾವಳಿಗೇ ಒಣಗಿ ಹೋದ ಬಳ್ಳಿ ಇದು. ಈಕಿ ಮನಿಗೆ ಕಾಲಿಟ್ಟಳು, ಶಿವರಾತ್ರಿ ಬಿಸಲಾಗ ಚಿಗತು ಕಾಯಿ ಬಿಟ್ಟೈತ್ರಿ. ಅಕಾಲದ ಕಾಯಿ ಮನಿಗೆ ಕೇಡು ಅಂತಾರ ಎಲ್ಲಾರೂ. ಹಂಗ ಆತು ನೋಡ್ರಿ, ಎಮ್ಮಿ ಕರಾ ಸತ್ತು ಹೋತು. ನಾಳೆ ನನ್ನ ಮಗಗ ಏನರ ಆದ್ರ?"

ಹೇಳುತ್ತ ಹೇಳುತ್ತ ಅವಳಿಗೆ ಅಳುವೇ ಬಂತು. ಹುಡುಗಿಯ ಮೇಲೆ ಅವಳಿಗೆ ಹಗೆಯೇನಿರಲಿಲ್ಲ. ಇದ್ದದ್ದು ಒಬ್ಬನೇ ಮಗ. ಆ ಭಯ ಅವಳ ನಿದ್ದೆ ಕೆಡಿಸಿತ್ತು. ಅಯ್ಯೋ, ಹೆದರಿದ ಜೀವ ಯಾರ ಮೇಲೆ ಗೂಬೆ ಕೂರಿಸಲಿಕ್ಕೂ ಹೇಸುವುದಿಲ್ಲ!

ಶ್ರೀಗಳವರು ಅವಳು ಕಟ್ಟೆಯ ಮೇಲಿಟ್ಟ ಒಂದು ಕಾಯಿ ತೆಗೆದುಕೊಂಡು ಹಸಿಯಾಗಿಯೇ ಕಚ್ಚಿ ತಿಂದರು.

"ಬ್ಯಾಡ್ರೀ ಎಪ್ಪಾ!" ಫಕೀರವ್ವ ಕೈ ಚಾಚಿ ತಡೆಯಹೋದಳು.

ಅಜ್ಜನವರು ನಿಧಾನವಾಗಿ ಅಗಿದು ನುಂಗಿ, ಸಾವಂತ್ರಿಯ ಕಡೆ ತಿರುಗಿದರು.

"ತಂಗೀ, ಭಾಂಡೆ ತಿಕ್ಕಿದ ನೀರು ಎಲ್ಲಿ ಚೆಲ್ಲತಿ?"

"ಬಳ್ಳಿ ಬುಡಕ್ಕರಿ ಅಜ್ಜಾರ. ನಮ್ಮ ತವರಾಗ ನೀರು ಹರದಾರಿ ದೂರದಿಂದ ಹೊತ್ತು ತರತೇವ್ರಿ. ಸುಮ್ನ ಬೀದಿಗೆ ಚೆಲ್ಲಾಕ ಮನಸ್ಸು ಬರಂಗಿಲ್ಲ. ಬಳ್ಳಿ ಒಣಗಿದ್ರೂ ಬುಡದಾಗ ಇನ್ನೂ ಹಸಿ ಇತ್ರಿ."

ಫಕೀರವ್ವ ಬೆರಗಾದಳು. "ಹಂಗಾರ ಇಷ್ಟು ದಿನ ಬಾಯಿ ಬಿಡಲಿಲ್ಲ ಯಾಕ?"

"ನೀವು ಕೇಳಲಿಲ್ಲರಿ, ಅತ್ತಿ."

ಶ್ರೀಗಳವರು ಮತ್ತೆ ಮೊರ ಎತ್ತಿಕೊಂಡರು. "ಹೋದ ವರ್ಷನೂ ನಿಮ್ಮ ಎಮ್ಮಿ ಕರಾ ಸತ್ತಿತ್ತಲ್ಲ ಫಕೀರವ್ವ, ಆಗ ಯಾವ ಸೊಸಿ ಬಂದಿದ್ದಳು?"

ನಾಚಿಕೆಯಿಂದ ಫಕೀರವ್ವನ ಮುಖ ಚಿಕ್ಕದಾಯಿತು. ಶ್ರೀಗಳವರ ಪಾದಕ್ಕೆ ಹಣೆ ಹಚ್ಚಿ ಎದ್ದವಳು, ಸಾವಂತ್ರಿಯ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ದಾರಿಯಲ್ಲಿ ನೆರೆಮನೆಯ ಹೆಂಗಸು ಎದುರಾಗಿ, "ಯಾಕವ್ವಾ, ಸೊಸಿನ್ನ ಇನ್ನೂ ಕಳಿಸಿಲ್ಲೇನು?" ಎಂದು ಕೆಣಕಿದಳು. ಫಕೀರವ್ವ ಉಡಿ ಬಿಚ್ಚಿ ತೋರಿಸಿದಳು: "ನೋಡಿಲ್ಲೆ, ನಮ್ಮ ಸಾವಂತ್ರಿ ಬೆಳದ ಕಾಯಿ. ಬೇಕಾದ್ರ ನೀನೂ ಒಂದು ಒಯ್ಯಿ."

ಅಂದು ಸಂಜೆ ಊಟವಾದ ಮೇಲೆ ಭಾಂಡೆ ತಿಕ್ಕಿದ ನೀರನ್ನು ಅತ್ತೆಯೇ ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಳ್ಳಿಯ ಬುಡಕ್ಕೆ ಅರ್ಧ ಸುರಿದು, ಒಳಕ್ಕೆ ಕೂಗಿ ಕೇಳಿದಳು:

"ಸಾವಂತ್ರೀ, ಇಷ್ಟು ಸಾಕೇನವ್ವಾ?"