ಗೂಡಿನ ಹಿಂದಿನ ಗೋಡೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಇಬ್ಬರು ಒಂದಕ್ಕೊಂದು ವಿರುದ್ಧವಾದ ಮಾತು ಹೇಳುತ್ತಾರೆ. ಇಬ್ಬರದೂ ನನಗೆ ಸರಿಯಾಗಿಯೇ ಕಾಣುತ್ತದೆ. ಆಗ ನಾನು ಏನು ಮಾಡಬೇಕು?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ನದಿಯ ದಂಡೆಯುದ್ದಕ್ಕೂ ಹೆಂಚಿನ ಕಾರ್ಖಾನೆಗಳಿದ್ದವು. ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹೆಂಚು ದೋಣಿಯಲ್ಲೇ ಹೋಗುತ್ತಿತ್ತು. ಆಮೇಲೆ ಜನ ಮನೆಗಳಿಗೆ ತಾರಸಿ ಹಾಕಿಸತೊಡಗಿದರು. ಹೆಂಚು ಕೇಳುವವರಿಲ್ಲದೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ದಂಡೆಯಲ್ಲಿ ಹುಲ್ಲು ಬೆಳೆಯಿತು.

ಎಷ್ಟೋ ವರ್ಷಗಳ ನಂತರ ನಗರಸಭೆಯವರು ಆ ಜಾಗಕ್ಕೆ ಮತ್ತೆ ಜೀವ ಕೊಡಬೇಕೆಂದು ತೀರ್ಮಾನಿಸಿದರು. ನದಿಯ ಪಕ್ಕ ನಡೆದಾಡಲು ದಾರಿ ಮಾಡಿದರು. ಮರ ನೆಟ್ಟರು. ಹಳೆಯ ಗೋದಾಮುಗಳನ್ನು ಅಂಗಡಿಗಳಾಗಿ ಮಾಡಿದರು. ನಡುವಿನ ಒಂದು ಕಾರ್ಖಾನೆಯ ಜಾಗವನ್ನು ಶಾಲೆಗೆಂದು ಬಿಟ್ಟರು. ಅದು ಕಟ್ಟಡ ಕಟ್ಟುವ ವಿದ್ಯೆ ಕಲಿಸುವ ಶಾಲೆ. ಅದರ ನಕ್ಷೆ ಮಾಡಿಕೊಡುವಂತೆ ಒಬ್ಬ ವಾಸ್ತುಶಿಲ್ಪಿಯನ್ನು ಕೇಳಿಕೊಂಡರು.

ಅವಳು ಹೆಸರು ಮಾಡಿದವಳು. ಕೆಲಸದಲ್ಲಿ ಅನುಮಾನ ಪಡುವವಳಲ್ಲ. ಜಾಗ ನೋಡಿದ ದಿನವೇ ನಕ್ಷೆ ಅವಳ ಮನಸ್ಸಿನಲ್ಲಿ ಮೂಡಿತು. ಅಂಗಳದ ನಡುವೆ ಹೆಂಚು ಸುಡುತ್ತಿದ್ದ ದೊಡ್ಡ ಗೂಡು ಇನ್ನೂ ನಿಂತಿತ್ತು. ದಪ್ಪ ಇಟ್ಟಿಗೆಯ ಗೋಡೆ, ಮೇಲೆ ಕಮಾನು. ಅದನ್ನು ಹಾಗೆಯೇ ಉಳಿಸಿಕೊಂಡು ಸುತ್ತಲೂ ಶಾಲೆ ಕಟ್ಟುವುದು ಅವಳ ಯೋಚನೆ. ಕಲಿಯುವವರು ದಿನವೂ ಅದನ್ನು ನೋಡಲಿ, ಹಳಬರ ಕೈಕೆಲಸ ಏನೆಂದು ತಿಳಿಯಲಿ ಎಂದುಕೊಂಡಳು. ನಗರಸಭೆಯವರು ಒಪ್ಪಿದರು. ಮಳೆಗಾಲ ಶುರುವಾಗುವ ಮೊದಲು ಅಡಿಪಾಯ ತೋಡಬೇಕು ಎಂದಷ್ಟೇ ಹೇಳಿದರು.

ಆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ದೂಮಣ್ಣ ಎಂಬ ಮುದುಕನೂ ಅವನ ಹೆಂಡತಿ ಕಲ್ಯಾಣಿಯೂ ಇದ್ದರು. ದೂಮಣ್ಣ ಗೂಡಿಗೆ ಸೌದೆ ಹಾಕುವವನಾಗಿದ್ದ. ಕಲ್ಯಾಣಿ ಹಸಿ ಹೆಂಚು ಹೊರುವವಳಾಗಿದ್ದಳು. ವಾಸ್ತುಶಿಲ್ಪಿ ಜಾಗದ ಅಳತೆ ತೆಗೆಯುತ್ತಿರುವಾಗ ದೂಮಣ್ಣ ಬಂದು ತನ್ನ ಹೆಸರು ಹೇಳಿಕೊಂಡು ನಿಂತ.

"ಅಮ್ಮಾ, ಗೂಡು ಒಡೆಯುತ್ತೀರಾ?" ಎಂದು ಕೇಳಿದ.

"ಇಲ್ಲ ದೂಮಣ್ಣ, ಉಳಿಸುತ್ತೇನೆ."

ದೂಮಣ್ಣ ಎರಡೂ ಕೈ ಎತ್ತಿ ಮುಗಿದ. ಅವಳಿಗೆ ಸಂತೋಷವಾಯಿತು. ತಾನು ಹಿಡಿದ ದಾರಿ ಸರಿ ಎಂದುಕೊಂಡಳು.

ಮರುದಿನ ಕಲ್ಯಾಣಿ ಬಂದಳು. ಅವಳು ಕೈ ಮುಗಿಯಲಿಲ್ಲ.

"ಅದನ್ನು ಯಾಕೆ ಉಳಿಸುತ್ತೀರಿ? ಒಡೆದು ಹಾಕಿ. ಅದು ಬೀಳುವುದನ್ನು ನಾನು ನಿಂತು ನೋಡಬೇಕು" ಎಂದಳು.

ವಾಸ್ತುಶಿಲ್ಪಿ ಬೆರಗಾಗಿ ಕಾರಣ ಕೇಳಿದಳು. ಕಲ್ಯಾಣಿ ನಿಂತಲ್ಲೇ ನಿಂತು ಹೇಳಿದಳು. ಮದುವೆಯಾದ ಎರಡನೆಯ ವರ್ಷ ಅವಳು ಬಸುರಿಯಾಗಿದ್ದಳು. ದಿನ ತುಂಬುವವರೆಗೂ ಹೆಂಚು ಹೊತ್ತಳು. ಆಷಾಢದಲ್ಲಿ ನೋವು ಕಾಣಿಸಿಕೊಂಡಾಗ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ಅವತ್ತೇ ಗೂಡಿಗೆ ಬೆಂಕಿ ಇಟ್ಟಿದ್ದರು. ಹೆರಿಗೆಯಾಯಿತು. ಅವಳಿಗೆ ಜ್ವರ ಏರಿ ಎಚ್ಚರ ತಪ್ಪಿತು. ಮಗು ಒಂದು ದಿನ ಬದುಕಿತ್ತು. ಗಂಡನಿಗೆ ಹೇಳಿ ಕಳಿಸಿದರು. ಅವನು ಬರಲಿಲ್ಲ.

"ನಾಲ್ಕನೆಯ ದಿನ ಬಂದರು. ಬೆಂಕಿ ಬಿಟ್ಟು ಬರಲು ಆಗಲಿಲ್ಲ ಎಂದರು. ನನಗೆ ಎಚ್ಚರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವಿನ ಮುಖ ನಾನು ನೋಡಿಲ್ಲ. ನೋಡುವ ಅವಕಾಶ ಇದ್ದವರು ಬೆಂಕಿ ನೋಡುತ್ತಾ ಕೂತರು. ಈಗಲೂ ದಿನ ಬೆಳಗಾದರೆ ಹೋಗಿ ಆ ಗೂಡಿನ ಹತ್ತಿರವೇ ಕೂರುತ್ತಾರೆ. ಅದು ಬಿದ್ದರೆ ಮನೆಗೆ ಬಂದಾರು."

ಕಲ್ಯಾಣಿ ಹೊರಟುಹೋದಳು. ವಾಸ್ತುಶಿಲ್ಪಿಗೆ ಆ ದಿನ ಕೆಲಸ ಮುಂದೆ ಸಾಗಲಿಲ್ಲ. ಹಳೆಯದನ್ನು ಉಳಿಸುವುದು ಒಳ್ಳೆಯದು ಎಂದು ಅವಳು ಓದಿದ್ದಳು, ಬೇರೆಯವರಿಗೂ ಹೇಳಿದ್ದಳು. ಅದು ಯಾರಿಗಾದರೂ ನೋವು ಕೊಡಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಗೂಡಿಲ್ಲದ ಇನ್ನೊಂದು ನಕ್ಷೆ ಮಾಡಿದಳು. ಅದೂ ಚೆನ್ನಾಗಿಯೇ ಬಂತು. ಎರಡು ನಕ್ಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಒಂದನ್ನು ನೋಡಿದಾಗ ಇನ್ನೊಂದು ಸರಿ ಅನ್ನಿಸುತ್ತಿತ್ತು.

ಅವಳು ದೂಮಣ್ಣನನ್ನು ಹುಡುಕಿಕೊಂಡು ಹೋದಳು. ಅವನು ಗೂಡಿನ ಹಿಂದೆ, ಗೋಡೆಗೆ ಒರಗಿ ಕೂತಿದ್ದ.

"ದೂಮಣ್ಣ, ಇದು ಒಡೆದರೆ ನಿಮಗೆ ಏನು ನಷ್ಟ? ನಿಜ ಹೇಳಿ" ಎಂದಳು.

ದೂಮಣ್ಣ ತಾನು ಕೂತ ಜಾಗದ ಪಕ್ಕದ ನೆಲವನ್ನು ಅಂಗೈಯಿಂದ ಮುಟ್ಟಿ ತೋರಿಸಿದ.

"ನನ್ನ ಭಾವ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಲ್ಲಿಗೇ ತಂದ. ಉಸಿರು ಹೋಗಿತ್ತು. ಅಪ್ಪನ ಕೈಯಿಂದಲೇ ಮಣ್ಣಾಗಬೇಕು ಎಂದ. ಜೋರು ಮಳೆ. ದಂಡೆಯೆಲ್ಲ ನೀರು, ಎಲ್ಲಿ ಅಗೆದರೂ ನೀರು. ಈ ಗೋಡೆಯ ಬುಡ ಮಾತ್ರ ಒಣಗಿತ್ತು. ಒಳಗೆ ಬೆಂಕಿ ಇತ್ತಲ್ಲ, ಮಣ್ಣು ಬೆಚ್ಚಗಿತ್ತು. ಇಲ್ಲೇ ಇಟ್ಟೆ. ಮೂರು ದಿನ ಬೆಂಕಿ ಆರಲು ಬಿಡಲಿಲ್ಲ."

"ಕಲ್ಯಾಣಕ್ಕನಿಗೆ ಇದು ಗೊತ್ತಿಲ್ಲವಾ?"

"ಮೊದಲು ಅವಳಿಗೆ ಜ್ವರ. ಆಮೇಲೆ ಅವಳು ಕೇಳಲಿಲ್ಲ. ಆಮೇಲೆ ನನ್ನ ಬಾಯಿಂದ ಬರಲಿಲ್ಲ. ಭಾವನೂ ಅವಳಿಗೆ ಹೇಳದೆಯೇ ತೀರಿಕೊಂಡ. ಈಗ ಹೇಗೆ ಹೇಳಲಿ? ನೀವೂ ಹೇಳಬೇಡಿ ಅಮ್ಮಾ."

ಅವಳು ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಕೊಟ್ಟ ಮೇಲೆ, ಯಾಕಾದರೂ ಕೊಟ್ಟೆನೋ ಅನ್ನಿಸಿತು.

ಈಗ ಅವಳ ಗೊಂದಲ ಮೊದಲಿಗಿಂತ ಹೆಚ್ಚಾಯಿತು. ಗೂಡು ಒಡೆದರೆ ಕಲ್ಯಾಣಿ ತನಗೆ ಗೊತ್ತಿಲ್ಲದೆ ತನ್ನ ಮಗುವಿನ ಗುರುತನ್ನೇ ಅಳಿಸಿಹಾಕಿದ ಹಾಗೆ. ಒಡೆಯದಿದ್ದರೆ ಅವಳ ಸಿಟ್ಟು ಸಾಯುವವರೆಗೂ ಹಾಗೆಯೇ ಉಳಿಯುತ್ತದೆ. ಹೇಳಿದರೆ ಮಾತು ತಪ್ಪಿದಂತೆ. ಹೇಳದಿದ್ದರೆ ಒಬ್ಬ ತಾಯಿಗೆ ಮೋಸ ಮಾಡಿದಂತೆ. ಅವಳು ಕಾಗದ ಹರಡಿಕೊಂಡು ಕೂರುತ್ತಿದ್ದಳು. ಒಂದು ಗೆರೆ ಎಳೆಯುವಳು, ಅಳಿಸುವಳು. ಅವಳ ಕೈಕೆಳಗೆ ಕೆಲಸ ಮಾಡುವವರು ಯಾವ ನಕ್ಷೆ ಕಳಿಸಬೇಕು ಎಂದು ದಿನವೂ ಕೇಳುತ್ತಿದ್ದರು. ಅವಳು ನಾಳೆ ಎನ್ನುತ್ತಿದ್ದಳು. ಅವಳು ಹೀಗೆ ಮಾಡಿದ್ದನ್ನು ಅವರು ಹಿಂದೆ ಕಂಡಿರಲಿಲ್ಲ.

ನಗರಸಭೆಯವರು ಅವಳನ್ನು ಕರೆಸಿದರು.

"ಉಳಿಸುತ್ತೀರೋ ಒಡೆಯುತ್ತೀರೋ ನಮಗೆ ಎರಡೂ ಒಂದೇ. ಆದರೆ ಈ ವಾರದಲ್ಲಿ ಹೇಳಿ. ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ" ಎಂದರು.

"ನನಗೆ ಗೊತ್ತಾಗುತ್ತಿಲ್ಲ" ಎಂದಳು ಅವಳು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೊಡ್ಡ ಹೆಸರಿನವಳು ಹೀಗೆ ಹೇಳಬಹುದೆಂದು ಅವರು ಎಣಿಸಿರಲಿಲ್ಲ. ಅವಳಿಗೂ ನಾಚಿಕೆಯಾಯಿತು. ಕಾಗದದ ಮೇಲೆ ತೀರ್ಮಾನವಾಗದ್ದು ನೆಲದ ಮೇಲಾದರೂ ಆದೀತು ಎಂದುಕೊಂಡು, ಸುಣ್ಣದ ಗೆರೆ ಹಾಕಿ ನೋಡುತ್ತೇನೆ, ಅಂದೇ ಹೇಳುತ್ತೇನೆ ಎಂದಳು.

ಕಟ್ಟಡ ಶುರುಮಾಡುವ ಮೊದಲು ಗೋಡೆ ಬರುವ ಕಡೆಯಲ್ಲೆಲ್ಲ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಅಗೆಯುವವರು ಆ ಗೆರೆ ಹಿಡಿದು ಅಗೆಯುತ್ತಾರೆ. ಅವಳು ಕೂಲಿಯವರನ್ನು ಕರೆಸಿದಳು. ದೂಮಣ್ಣನನ್ನೂ ಕಲ್ಯಾಣಿಯನ್ನೂ ಬರಹೇಳಿದಳು. ಇಬ್ಬರೂ ಬಂದು ಅಂಗಳದಲ್ಲಿ ದೂರ ದೂರ ನಿಂತರು.

ಮೊದಲು ಗೂಡು ಉಳಿಯುವ ನಕ್ಷೆಯ ಗೆರೆ ಹಾಕಿಸಿದಳು. ಕಲ್ಯಾಣಿ ಮುಖ ತಿರುಗಿಸಿಕೊಂಡಳು. ಅದನ್ನು ಅಳಿಸಿ, ಗೂಡು ಇಲ್ಲದ ನಕ್ಷೆಯ ಗೆರೆ ಹಾಕತೊಡಗಿದಳು. ಈ ಸಲ ಸುಣ್ಣದ ಬುಟ್ಟಿಯನ್ನು ತಾನೇ ಹಿಡಿದಳು. ಗೆರೆ ಅಂಗಳ ದಾಟಿತು. ಗೂಡಿನ ಪಕ್ಕಕ್ಕೆ ಬಂತು. ಗೂಡಿನ ಹಿಂದಕ್ಕೆ ತಿರುಗಿತು. ಆ ಗೆರೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಬೇಕೆಂದೇ ಹೋದಳೋ, ನಕ್ಷೆಯಲ್ಲಿದ್ದ ಹಾಗೆ ಕೈ ಹೋಯಿತೋ, ಅವಳಿಗೆ ಆಮೇಲೂ ತಿಳಿಯಲಿಲ್ಲ.

ದೂಮಣ್ಣ ಓಡಿ ಬಂದು ಗೆರೆಗೆ ಅಡ್ಡ ನಿಂತ.

"ಅಜ್ಜ, ಸ್ವಲ್ಪ ಸರಿಯಿರಿ" ಎಂದ ಒಬ್ಬ ಕೂಲಿ.

ದೂಮಣ್ಣ ಸರಿಯಲಿಲ್ಲ.

ಕಲ್ಯಾಣಿ ಹತ್ತಿರ ಬಂದಳು. "ಏನಿದೆ ಅಲ್ಲಿ?" ಎಂದಳು.

ದೂಮಣ್ಣ ಅವಳನ್ನು ನೋಡಿದ. "ಮಗು" ಎಂದ.

ವಾಸ್ತುಶಿಲ್ಪಿ ಬುಟ್ಟಿ ಕೆಳಗಿಟ್ಟಳು. ಕಲ್ಯಾಣಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವಳು ನೆಲ ನೋಡಿದಳು, ಗೋಡೆ ನೋಡಿದಳು, ಗಂಡನನ್ನು ನೋಡಿದಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ.

"ನೀವು ಎತ್ತಿಕೊಂಡಿದ್ದಿರಾ?"

"ಹ್ಞೂಂ."

"ಯಾರ ಹಾಗಿತ್ತು?"

"ನಿನ್ನ ಹಾಗೆ. ಹಣೆ ನಿನ್ನದೇ."

ಕಲ್ಯಾಣಿ ಅಲ್ಲೇ ಕೂತಳು. ದೂಮಣ್ಣ ಅವಳ ಪಕ್ಕ ಕೂತ. ಕೂಲಿಯವರು ನೀರು ಕುಡಿಯುವ ನೆವ ಹೇಳಿ ದೂರ ಹೋದರು. ಗಂಡ ಹೆಂಡತಿ ಏನು ಮಾತಾಡಿಕೊಂಡರೋ ಯಾರಿಗೂ ಕೇಳಿಸಲಿಲ್ಲ. ಬಿಸಿಲು ಗೋಡೆಯ ಈ ಕಡೆಯಿಂದ ಆ ಕಡೆಗೆ ಹೋಗುವವರೆಗೂ ಅವರು ಅಲ್ಲೇ ಇದ್ದರು.

ಸಂಜೆ ಎದ್ದು ಹೊರಟಾಗ ವಾಸ್ತುಶಿಲ್ಪಿ ಅವರನ್ನು ತಡೆದಳು. ಇನ್ನಾದರೂ ಉತ್ತರ ಸಿಗುತ್ತದೆ ಎಂದು ಅವಳ ಆಸೆ.

"ಕಲ್ಯಾಣಕ್ಕ, ಗೂಡು ಇರಲಾ? ತೆಗೆಯಲಾ?"

ಕಲ್ಯಾಣಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಯಾವ ಗೂಡು?" ಎಂದಳು. ಆಮೇಲೆ, "ಅದೇನೋ ನಿಮಗೆ ಸರಿ ಕಂಡ ಹಾಗೆ ಮಾಡಿಯಮ್ಮ" ಎಂದಳು.

ವಾಸ್ತುಶಿಲ್ಪಿ ದೂಮಣ್ಣನ ಕಡೆ ತಿರುಗಿದಳು. ಅವನೂ ಹಾಗೆಯೇ ತಲೆಯಾಡಿಸಿದ. ಹೆಂಡತಿಯ ಕೈ ಹಿಡಿದುಕೊಂಡು ಓಣಿಯ ಕಡೆ ನಡೆದ.

ಅವಳು ಅಂಗಳದಲ್ಲಿ ಒಬ್ಬಳೇ ನಿಂತಳು. ಇಷ್ಟು ದಿನ ಇಬ್ಬರೂ ತನ್ನ ನಿದ್ದೆ ಕೆಡಿಸಿದ್ದು ಇದಕ್ಕೇ ಅಲ್ಲವೇ ಎಂದುಕೊಂಡಳು. ಅವರಿಗೆ ಬೇಡವಾದ ತೀರ್ಮಾನ ಈಗ ಅವಳ ತಲೆಯ ಮೇಲೆ ಉಳಿಯಿತು. ವಾರವೂ ಮುಗಿದಿತ್ತು. ಅವಳು ಗೂಡಿನ ಮುಂಭಾಗ ತೆಗೆಸಿ, ಹಿಂದಿನ ಗೋಡೆ ಉಳಿಸಿದಳು. ಆ ಗೋಡೆಯ ಬುಡದಲ್ಲಿ ನಾಲ್ಕು ಮೊಳ ನೆಲವನ್ನು ಏನೂ ಕಟ್ಟದೆ, ಕಲ್ಲು ಹಾಸದೆ ಬಿಟ್ಟಳು. ನಗರಸಭೆಯವರು ನಕ್ಷೆಯಲ್ಲಿ ಆ ಖಾಲಿ ಜಾಗ ನೋಡಿ ಇದೇನು ಎಂದರು. ಇದು ಹೀಗೇ ಇರಬೇಕು ಎಂದಳು. ಯಾಕೆ ಎಂದು ಹೇಳಲಿಲ್ಲ.

ಶಾಲೆ ಎದ್ದಿತು. ನೋಡಿದವರಲ್ಲಿ ಕೆಲವರು ಹೊಗಳಿದರು. ಕೆಲವರು ಇದು ಹಳೆಯದೂ ಅಲ್ಲ, ಹೊಸದೂ ಅಲ್ಲ, ಅರೆಬರೆ ಕೆಲಸ ಎಂದರು. ಎರಡೂ ಅವಳಿಗೆ ನಿಜ ಅನ್ನಿಸಿತು. ಕಲ್ಯಾಣಿ ದಿನವೂ ಬಂದು ಆ ನೆಲದ ಪಕ್ಕ ಸ್ವಲ್ಪ ಹೊತ್ತು ಕೂತು ಹೋಗತೊಡಗಿದಳು. ದೂಮಣ್ಣ ಆ ಕಡೆಗೆ ಬರುವುದನ್ನೇ ನಿಲ್ಲಿಸಿದ. ಮನೆಯ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಾ, ಹೋಗಿಬರುವವರನ್ನು ಮಾತಾಡಿಸುತ್ತಾ ಇರುತ್ತಿದ್ದ. ಉಳಿಸು ಎಂದು ಬೇಡಿಕೊಂಡವನು ಬರಲಿಲ್ಲ, ಒಡೆ ಎಂದು ಹಟ ಹಿಡಿದವಳು ಬಂದಳು. ಇದು ಹೇಗೆ ಎಂದು ವಾಸ್ತುಶಿಲ್ಪಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಗೊಂದಲದಲ್ಲಿ ಬಿದ್ದ. ಇನ್ನೂ ಏನೋ ಹೇಳುತ್ತಾರೆ ಎಂದು ಕಾದ. ಕೊನೆಗೆ ಅವನೇ ಕೇಳಿದ:

"ಗುರುಗಳೇ, ಹಾಗಾದರೆ ಆ ಗೂಡಿನ ವಿಷಯದಲ್ಲಿ ಸರಿಯಾದ ಮಾತು ಯಾರದು? ಗಂಡನದೋ, ಹೆಂಡತಿಯದೋ?"

ಗುರುಗಳು ಅವನ ಮುಖ ನೋಡಿದರು.

"ಗೂಡಿನ ವಿಷಯ ಅವರಿಬ್ಬರಲ್ಲಿ ಯಾರು ಮಾತಾಡಿದರು? ಇಬ್ಬರ ಮಾತೂ ಮಗುವಿನದೇ ಅಲ್ಲವೇ?" ಎಂದರು.