ದೊಡ್ಡಪತ್ರೆಯ ಮುರಿದ ಕಡ್ಡಿ ಚಿಗುರಿದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಆಗತಾನೇ ತಟ್ಟಿ ಬಿಸಿಲಿಗಿಟ್ಟ ಮಡಕೆಯ ಹಾಗೆ, ಎಲ್ಲಿ ಮುಟ್ಟಿದರೂ ಬೆರಳಿನ ಗುರುತು ಬೀಳುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಿರಲಿಲ್ಲ, ಸಿಕ್ಕಿದವರನ್ನೆಲ್ಲ ದಾರಿ ಕೇಳುತ್ತಿತ್ತು. ಗಿಡಗಳಿಗೆ ಆಗ ಕಾಲಿದ್ದವು.

ಒಂದು ದಿನ ಭೂಮಿತಾಯಿ ಮಡಿಲ ತುಂಬ ಬೀಜ ಕಟ್ಟಿಕೊಂಡು ಗಿಡಗಳನ್ನೆಲ್ಲ ಕರೆದಳು. ತುಳಸಿ ಓಡಿ ಬಂತು, ಹಿಡಿ ತುಂಬ ಬೀಜ ಇಸಕೊಂಡಿತು. ನೆಲನೆಲ್ಲಿ ಓಡಿ ಬಂತು, ತನ್ನ ಪಾಲನ್ನು ಎಲೆಯ ಅಡಿಗೆ ಸಾಲಾಗಿ ಅಂಟಿಸಿಕೊಂಡಿತು. ದೊಡ್ಡಪತ್ರೆ ಮಾತ್ರ ಹಿಂದೆ ಬಿತ್ತು. ದಪ್ಪ ಎಲೆ, ನೀರು ತುಂಬಿದ ಮೈ. ನಾಲ್ಕು ಹೆಜ್ಜೆ ಇಟ್ಟರೆ "ಉಸ್ಸಪ್ಪಾ" ಅಂತ ಕೂತುಬಿಡುತ್ತಿತ್ತು. ಬಂದು ಮುಟ್ಟುವ ಹೊತ್ತಿಗೆ ಮಡಿಲು ಖಾಲಿ.

"ಎಲ್ಲ ಮುಗೀತಲ್ಲೋ ಕಂದಾ," ಅಂತ ಭೂಮಿತಾಯಿ ಸೆರಗು ಕೊಡವಿ ತೋರಿಸಿದಳು. "ಬೇಜಾರು ಮಾಡ್ಕೋಬೇಡ. ನಿನಗೂ ಏನಾದರೂ ಕೊಡ್ತೀನಿ. ಬೇಕಾದಾಗ ಕೇಳು."

"ಯಾವಾಗ ಕೇಳಲಿ ತಾಯಿ?"

"ಕೇಳದೆ ವಿಧಿಯಿಲ್ಲ ಅನ್ನಿಸಿದಾಗ."

ಹಾಗಾಗಿ ಲೋಕಕ್ಕೆಲ್ಲ ದೊಡ್ಡಪತ್ರೆ ಒಂದೇ ಒಂದು. ಆ ಒಂದು ಗಿಡ ನಡೆದು ನಡೆದು ಸುಸ್ತಾಗಿ ಬೇರು ಬಿಟ್ಟಿದ್ದು ಹೊನ್ನಕ್ಕನ ಹಿತ್ತಲಲ್ಲಿ.

ಹೊನ್ನಕ್ಕ ಪಂಡಿತೆಯಲ್ಲ. ಸೊಪ್ಪಿನ ಹುಚ್ಚು ಹಿಡಿದವಳು, ಅಷ್ಟೇ. ಅಂಬೆಗಾಲಿಡುವಾಗಲೇ ತುಂಬೆ ಗಿಡ ಕಿತ್ತು ಮೂಸಿ ನೋಡಿದವಳು. ತಲೆ ಬೆಳ್ಳಗಾದರೂ ಆ ಹುಚ್ಚು ಇಳಿದಿರಲಿಲ್ಲ. ಬೆಳಗ್ಗೆ ಮುಖ ತೊಳೆಯುವ ಮೊದಲು ಹಿತ್ತಲಿಗೆ ಹೋಗಿ ಒಂದೊಂದನ್ನೇ ಮಾತಾಡಿಸಿ ಬರಬೇಕು.

"ಒಂದೆಲಗಾ, ನಿದ್ದೆ ಬಂತೇನೋ? ಆಡುಸೋಗೆ, ಯಾಕೋ ಮುಖ ಸಪ್ಪಗಿದೆ?"

"ಬಸವನಹುಳ ಬಂದು ಕಚಗುಳಿ ಇಟ್ಟಿತು ಅಕ್ಕಾ," ಅನ್ನುತ್ತಿತ್ತು ಆಡುಸೋಗೆ.

ಎಲ್ಲಕ್ಕಿಂತ ಪ್ರೀತಿ ದೊಡ್ಡಪತ್ರೆ ಮೇಲೆ. ಬಾಯಿ ಕೆಟ್ಟರೆ ಅದರ ಚಟ್ನಿ, ಮಳೆ ಬಂದರೆ ಅದರ ಬಜ್ಜಿ. ಕೂಸು ಕೆಮ್ಮಿದರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ಜೇನಲ್ಲಿ ಕಲಸಿ ನೆಕ್ಕಿಸುತ್ತಿದ್ದಳು. ಬೇಲಿಗೆ ಮುಳ್ಳು ಹೊದಿಸಿ ಒಂದು ಕಟ್ಟಳೆ ಮಾಡಿದ್ದಳು: "ಎಲೆ ಎಷ್ಟು ಬೇಕಾದರೂ ಕೇಳಿ. ಕಡ್ಡಿ ಮಾತ್ರ ಮುಟ್ಟಬೇಡಿ." ಯಾಕೆಂದರೆ ಆ ಕಾಲದಲ್ಲಿ ಮುರಿದ ಕಡ್ಡಿ ಅಂದರೆ ಸತ್ತ ಕಡ್ಡಿ. ಬೀಜದಿಂದಲ್ಲದೆ ಯಾವ ಗಿಡವೂ ಹುಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊಳೆಯಾಚೆಯ ಪುಟ್ಟೀರಿ ಬಂದಳು. ಸೊಂಟದ ಮೇಲೆ ಅವಳ ಕೂಸು ಗೊರಗೊರ ಅನ್ನುತ್ತಿತ್ತು.

"ಅಕ್ಕಾ, ಹೊಳೆ ಹೇಳಿಬಿಟ್ಟಿದೆ, ನಾಳೆಯಿಂದ ತುಂಬಿ ಬರ್ತೀನಿ, ಹದಿನೈದು ದಿನ ಯಾರೂ ದಾಟೋ ಹಾಗಿಲ್ಲ ಅಂತ. ಎಲೆ ಒಯ್ದರೆ ಎರಡೇ ದಿನಕ್ಕೆ ಬಾಡತ್ತೆ. ಒಂದು ಕೊಂಬೆ ಕೊಡಕ್ಕಾ."

"ಮುರಿದರೆ ಸತ್ತೋದರೆ?" ಹೊನ್ನಕ್ಕ ಗಿಡಕ್ಕೆ ಅಡ್ಡ ನಿಂತಳು. "ಇರೋದು ಇದೊಂದೇ ಕಣೇ. ಎಲೆ ಮೊರದ ತುಂಬ ಕೊಡ್ತೀನಿ, ಒಯ್ಯಿ."

ಪುಟ್ಟೀರಿ ಸೆರಗು ಒಡ್ಡಿದಳು. ಹೊನ್ನಕ್ಕ ಎಲೆ ಕೊಟ್ಟು, ಕೂಸಿನ ತಲೆ ಸವರಿ, ಊಟ ಮಾಡಿ ಜಗಲಿ ಮೇಲೆ ಅಡ್ಡಾದಳು. ಎದ್ದು ನೋಡಿದರೆ ಒಂದು ಕೊಂಬೆ ಇಲ್ಲ! ಮುರಿದ ಜಾಗದಲ್ಲಿ ನೀರು ಜಿನುಗುತ್ತಿತ್ತು.

"ಯಾರೋ ಇದು ಮಾಡಿದ್ದು?"

ದೊಡ್ಡಪತ್ರೆ ಬಾಯಿ ಬಿಡಲಿಲ್ಲ.

"ಅಯ್ಯೋ, ನೋಯ್ತೇನೋ ಮಗಾ!" ಹೊನ್ನಕ್ಕನಿಗೆ ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿಯಾಯಿತು. ಓಡಿ ಒಂದು ಬಿಂದಿಗೆ ನೀರು ತಂದು ಸುರಿದಳು. ಸಂಜೆ ಇನ್ನೊಂದು. ಬೆಳಗ್ಗೆ ಮತ್ತೊಂದು.

"ನೀರು ಸಾಕಕ್ಕಾ," ಅಂದಿತು ದೊಡ್ಡಪತ್ರೆ.

"ಸುಮ್ನಿರು, ನಿನಗೇನು ಗೊತ್ತಾಗತ್ತೆ," ಅಂತ ಇನ್ನೊಂದು ಬಿಂದಿಗೆ ಸುರಿದಳು.

"ಕಾಲೆಲ್ಲ ನೆನೆದು ಹೋಗಿದೆ ಅಕ್ಕಾ..."

"ಕುಡಿ ಬಂಗಾರ, ಕುಡಿ."

ಆರನೆಯ ದಿನ ದೊಡ್ಡಪತ್ರೆ ಮಾತಾಡಲಿಲ್ಲ. ಬುಡ ಕಪ್ಪಾಗಿ, ಮೆತ್ತಗಾಗಿ, ಹೊನ್ನಕ್ಕನ ಕೈಯಲ್ಲೇ ಕಳಚಿ ಬಂತು. ಅವಳು ಅಲ್ಲೇ ಕೆಸರಲ್ಲಿ ಕೂತಳು. ತುಳಸಿ ಸಮಾಧಾನ ಹೇಳಿತು, ಒಂದೆಲಗ ಅವಳ ಕಾಲು ಸವರಿತು. ಅವಳಿಗೆ ಊಟ ಸೇರಲಿಲ್ಲ, ಹಿತ್ತಲ ಬಾಗಿಲು ತೆಗೆಯಲು ಮನಸ್ಸಾಗಲಿಲ್ಲ.

ಹೊಳೆ ಇಳಿದ ದಿನ ಗಾಳಿ ಬಂದು ಬಾಗಿಲು ಬಡಿಯಿತು. "ಹೊನ್ನಕ್ಕಾ, ಮೂಸಿ ನೋಡು."

ಮೂಸಿದಳು. ಅದೇ ವಾಸನೆ! ಮುಟ್ಟಿದವರ ಕೈಯನ್ನು ಬಿಡದ ಆ ಖಾರ ಖಾರ ವಾಸನೆ!

"ಎಲ್ಲಿಂದ ತಂದೆಯೋ?"

"ಹೊಳೆಯಾಚೆಯಿಂದ," ಅಂದು ಗಾಳಿ ನಕ್ಕು ಓಡಿತು.

ಹೊನ್ನಕ್ಕ ಸೀರೆ ಎತ್ತಿ ಕಟ್ಟಿ ಹೊಳೆಗೆ ಇಳಿದಳು. "ಮೆಲ್ಲಗೆ ದಾಟಕ್ಕಾ, ಯಾರ ಮನೆ ಮುರಿಯೋಕೆ ಹೊರಟಿದ್ದೀಯೆ?" ಅಂತ ಹೊಳೆ ಕೇಳಿದರೂ ಅವಳು ತಿರುಗಿ ನೋಡಲಿಲ್ಲ.

ಪುಟ್ಟೀರಿ ಬಾಗಿಲು ತೆಗೆದವಳೇ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟಳು.

"ಕೈ ತೋರಿಸೇ."

"ಹಿಟ್ಟಾಗಿದೆ ಅಕ್ಕಾ..."

"ಹಿಟ್ಟಿಗೆ ಈ ವಾಸನೆ ಯಾವಾಗಿನಿಂದ ಬಂತೇ ಪುಟ್ಟೀರಿ?"

ಪುಟ್ಟೀರಿ ಅತ್ತುಬಿಟ್ಟಳು. ಹೊನ್ನಕ್ಕ ಬೈಯಬೇಕು ಅಂತ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಹೊಸ್ತಿಲ ಪಕ್ಕ ಒಂದು ಒಡಕು ಮಡಕೆ. ಮಡಕೆಯಲ್ಲಿ ಅವಳ ದೊಡ್ಡಪತ್ರೆ. ಬಾಡಿಲ್ಲ, ಸತ್ತಿಲ್ಲ, ಗೆಣ್ಣುಗೆಣ್ಣಿಗೂ ಎಳೇ ಚಿಗುರು!

"ಬದುಕತ್ತೆ ಅಂತ ನೆಟ್ಟಿದ್ದಲ್ಲಕ್ಕಾ," ಪುಟ್ಟೀರಿ ಬಿಕ್ಕುತ್ತ ಹೇಳಿದಳು. "ನಾಲ್ಕು ದಿನ ಬಾಡದೇ ಇರಲಿ ಅಂತ ಚುಚ್ಚಿದೆ. ಕೂಸು ಮಡಿಲಿಂದ ಇಳೀತಿರಲಿಲ್ಲ. ನೀರು ಹಾಕೋಕೂ ಪುರುಸೊತ್ತಿರಲಿಲ್ಲ."

ಆಗ ಮಡಕೆಯ ಮಣ್ಣಿನೊಳಗಿಂದ ಭೂಮಿತಾಯಿಯ ದನಿ ಬಂತು. "ನಾನು ಹೇಳ್ತೀನಿ ಕೇಳು ಹೊನ್ನಿ. ಈ ಕಡ್ಡಿಯ ಉಸಿರು ಇನ್ನೇನು ನಿಲ್ಲಬೇಕು, ಆಗ ಒಳಗೆ ಕೂಸು ಕೆಮ್ಮಿತು. 'ತಾಯಿ, ಏನಾದರೂ ಕೊಡ್ತೀನಿ ಅಂದಿದ್ದೆಯಲ್ಲ, ಈಗ ಕೊಡು. ಆ ಕೂಸು ಕೆಮ್ಮುತ್ತಿರುವಾಗ ನಾನು ಹೇಗೆ ಸಾಯಲಿ?' ಅಂತು. ಬೀಜ ನನ್ನ ಹತ್ತಿರ ಇರಲಿಲ್ಲ. ಅದಕ್ಕೇ, ಎಲ್ಲಿ ಮುರಿದರೆ ಅಲ್ಲೇ ಬೇರು ಕೊಟ್ಟೆ."

ಹೊನ್ನಕ್ಕ ಹೊಸ್ತಿಲ ಮೇಲೆ ಕೂತಳು. "ನಿನ್ನ ಕಳ್ಳತನ ಗಿಡಾನ ಉಳಿಸಿತು ಕಣೇ. ನನ್ನ ಪ್ರೀತಿ ಕೊಳೆಸಿಬಿಡ್ತು. ಅದು ಸಾಕು ಸಾಕು ಅಂತಿತ್ತು, ನಾನು ಕೇಳಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ನನಗೊಂದು ಕಡ್ಡಿ ಕೊಡ್ತೀಯೇನೇ?"

ಪುಟ್ಟೀರಿ ಗಿಡ ನೋಡಿದಳು, ಕೂಸನ್ನು ನೋಡಿದಳು. "ಮುರಿದರೆ ಸತ್ತೋದರೆ?" ಅನ್ನುವ ಮಾತು ಅವಳ ಬಾಯಿಂದಲೂ ಜಾರಿತು.

ತನ್ನ ಮಾತೇ ತನಗೆ ಕೇಳಿಸಿ ಹೊನ್ನಕ್ಕ ತಲೆ ತಗ್ಗಿಸಿದಳು. ಸೆರಗು ಸರಿಮಾಡಿಕೊಂಡು ಎದ್ದಳು. ಅಷ್ಟರಲ್ಲಿ ಪುಟ್ಟೀರಿ ಕೂಸನ್ನು ಎತ್ತಿಕೊಂಡಳು.

"ಕೈಯೆತ್ತಿ ಕೊಡೋಕೆ ನನಗೆ ಧೈರ್ಯ ಬರ್ತಿಲ್ಲಕ್ಕಾ. ನಾನು ಒಳಗೆ ಹೋಗಿ ಮಗೀಗೆ ಹಾಲು ಕುಡಿಸ್ತೀನಿ," ಅಂದಳು. ಕಣ್ಣಲ್ಲಿ ನೀರಿದ್ದರೂ ತುಟಿಯಲ್ಲಿ ನಗು. "ಹೊರಗೆ ಏನಾಗತ್ತೋ ನಾನಂತೂ ನೋಡಿಲ್ಲಪ್ಪ."

ಹೊನ್ನಕ್ಕನಿಗೂ ನಗು ಬಂತು. ಅಷ್ಟು ವಯಸ್ಸಾದವಳು ಕಳ್ಳಿಯ ಹಾಗೆ ಆಚೀಚೆ ನೋಡಿ, ಗೇಣುದ್ದ ಕಡ್ಡಿ ಪಟಕ್ಕಂತ ಮುರಿದು ಸೆರಗಲ್ಲಿ ಸುತ್ತಿಕೊಂಡು ಹೊಳೆ ದಾಟಿದಳು.

ಈ ಸಲ ಅದನ್ನು ಹಿತ್ತಲಲ್ಲಿ ನೆಡಲಿಲ್ಲ. ಬೇಲಿಯಾಚೆ, ಹೋಗಿ ಬರುವವರ ಕೈಗೆ ಎಟಕುವ ಹಾಗೆ ಚುಚ್ಚಿದಳು. ಒಂದೇ ಬೊಗಸೆ ನೀರು ಹಾಕಿ, "ಸಾಕೇನೋ?" ಅಂತ ಕೇಳಿದಳು.

"ಸಾಕಕ್ಕಾ," ಅಂದಿತು ಕಡ್ಡಿ.

ಅದಕ್ಕೇ ಮಗಾ, ಇವತ್ತಿಗೂ ದೊಡ್ಡಪತ್ರೆಯ ಬೀಜ ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಪಕ್ಕದ ಮನೆಯವರು ಆ ಕಡೆ ತಿರುಗಿದಾಗ ನೀನು ಒಂದು ಕಡ್ಡಿ ಮುರಿದು ತಂದು ಒಡಕು ಮಡಕೆಗೆ ಚುಚ್ಚಿದರೆ, ನಿನ್ನ ಬೆರಳಿನ ವಾಸನೆ ನಿನ್ನ ಗುಟ್ಟು ರಟ್ಟು ಮಾಡುತ್ತಿರುವಾಗಲೇ, ಅದು ಅಲ್ಲೇ ಬೇರೂರಿ ಚಿಗುರಿಬಿಡುತ್ತದೆ.